ಬೆಳಗು ಕಡಲಿಗೆ, ಮಧ್ಯಾಹ್ನ ಮೀನಿಗೆ: ಮೂಲ್ಕಿಯಲ್ಲಿ ನಾಲ್ಕು ದಿನ

ಪ್ರಶ್ನೆ: ನಾವು ಹುಬ್ಬಳ್ಳಿಯವರು. ಡಿಸೆಂಬರ್ ಕೊನೆಯ ವಾರದಲ್ಲಿ ನಾಲ್ಕು ದಿನ ಮೂಲ್ಕಿಗೆ ಬಂದು ಮಕ್ಕಳಿಗೆ ಸರ್ಫಿಂಗ್ ಕಲಿಸಬೇಕೆಂದಿದ್ದೇವೆ. ಮಗಳಿಗೆ 14, ಮಗನಿಗೆ 10 ವರ್ಷ. ನನಗೆ 43. ಈಜು ಅಷ್ಟಕ್ಕಷ್ಟೆ, ಆದರೂ ಆಸೆ ಇದೆ. ಜೊತೆಗೆ ಅತ್ತೆಯವರು ಬರುತ್ತಾರೆ. ನಾವೆಲ್ಲ ಮೀನು ತಿನ್ನುತ್ತೇವೆ, ಅವರು ಈಚೆಗೆ ಬಿಟ್ಟಿದ್ದಾರೆ. ನಮ್ಮ ಪಟ್ಟಿ ಹೀಗಿದೆ: ಮೊದಲ ದಿನ ಸರ್ಫಿಂಗ್, ಎರಡನೇ ದಿನ ಮಂಗಳೂರು, ಮೂರನೇ ದಿನ ಉಡುಪಿ, ಮಲ್ಪೆ, ಸೇಂಟ್ ಮೇರೀಸ್ ದ್ವೀಪ, ನಾಲ್ಕನೇ ದಿನ ಧರ್ಮಸ್ಥಳ ಮುಗಿಸಿ ಊರಿಗೆ. ಇದು ಸರಿಯಿದೆಯೇ? ಎಲ್ಲಿ ಏನು ತಿನ್ನಬೇಕು? ಬರುವಾಗ ಮನೆಗೆ ಮೀನು ತರಬಹುದೇ?

ಉತ್ತರ: ನಿಮ್ಮ ಪಟ್ಟಿಯನ್ನು ನೋಡಿದ ತಕ್ಷಣ ನನಗೆ ಅನಿಸಿದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಸರ್ಫಿಂಗ್‌ಗೆ ಒಂದು ದಿನ ಸಾಲದು. ಈ ಕರಾವಳಿಯಲ್ಲಿ ಹಲವು ವರ್ಷಗಳಿಂದ ಮಕ್ಕಳಿಗೂ ದೊಡ್ಡವರಿಗೂ ಅಲೆ ಏರುವುದನ್ನು ಕಲಿಸುತ್ತಿದ್ದೇನೆ. ಮೊದಲ ದಿನ ಬಹುತೇಕರು ಉಪ್ಪುನೀರು ಕುಡಿಯುತ್ತಾರೆ, ಮೊಣಕಾಲು ತರಚಿಕೊಳ್ಳುತ್ತಾರೆ, ಒಂದೆರಡು ಸಲ ಅರೆಬರೆ ಎದ್ದು ನಿಂತು ಬೀಳುತ್ತಾರೆ. ಎರಡನೇ ದಿನ ಮೈಕೈ ನೋವು. ಮೂರನೇ ದಿನ ಬೆಳಿಗ್ಗೆ ಏನೋ ಒಂದು ಕೂಡಿಬರುತ್ತದೆ. ಒಂದೇ ದಿನ ಕಲಿತು ಹೋದವರು ಆ ಮೂರನೇ ಬೆಳಗನ್ನು ಕಾಣದೆಯೇ ಹೋಗುತ್ತಾರೆ, ನನಗೆ ಪ್ರತಿ ಸಲವೂ ಸಂಕಟವಾಗುತ್ತದೆ. ಆದ್ದರಿಂದ ಧರ್ಮಸ್ಥಳವನ್ನು ಇನ್ನೊಮ್ಮೆಗೆ ಇಡಿ. ಅದು ಬೇರೆಯೇ ದಿಕ್ಕಿನ ದಾರಿ, ಅದಕ್ಕೆ ಬೇರೆಯೇ ಪ್ರಯಾಣ ಮಾಡಿದರೆ ಒಳ್ಳೆಯದು. ಮೂರು ಬೆಳಗುಗಳನ್ನು ಕಡಲಿಗೆ ಕೊಡಿ. ಉಳಿದದ್ದೆಲ್ಲ ಮಧ್ಯಾಹ್ನದ ನಂತರ.

ಬೆಳಿಗ್ಗೆಯೇ ಏಕೆ ಎಂಬುದಕ್ಕೆ ಕಾರಣವಿದೆ. ರಾತ್ರಿಯಿಡೀ ನೆಲ ತಣಿಯುತ್ತದೆ, ಕಡಲು ಅಷ್ಟು ಬೇಗ ತಣಿಯುವುದಿಲ್ಲ. ಹಾಗಾಗಿ ಮುಂಜಾನೆ ಗಾಳಿ ನೆಲದ ಕಡೆಯಿಂದ ಕಡಲಿನತ್ತ ಮೆಲ್ಲಗೆ ಬೀಸುತ್ತದೆ. ದಡಕ್ಕೆ ಬರುವ ಅಲೆಯ ಮುಖಕ್ಕೆ ಆ ಗಾಳಿ ಎದುರಾಗುವುದರಿಂದ ಅಲೆ ತಡವಾಗಿ, ನುಣ್ಣಗೆ, ಅಂದವಾಗಿ ಮುರಿಯುತ್ತದೆ. ಹತ್ತು ಹನ್ನೊಂದು ಗಂಟೆಯ ಹೊತ್ತಿಗೆ ನೆಲ ಕಾಯುತ್ತದೆ, ಗಾಳಿ ತಿರುಗುತ್ತದೆ. ಆಮೇಲೆ ಕಡಲಿನ ಮೈಯೆಲ್ಲ ಒಡಕು, ಎಲ್ಲ ಕಡೆ ನೊರೆ, ಕಲಿಯುವವರಿಗೆ ಹಿಡಿತವೇ ಸಿಗದು. ಆರೂವರೆಗೆ ದಡದಲ್ಲಿರಿ. ರಜೆಯಲ್ಲಿ ಮಕ್ಕಳನ್ನು ಅಷ್ಟು ಬೇಗ ಎಬ್ಬಿಸುವುದು ಕಷ್ಟ ಎಂದು ಗೊತ್ತು. ಎಬ್ಬಿಸಿ.

ತಿಂಗಳ ಆಯ್ಕೆ ಚೆನ್ನಾಗಿದೆ. ಮಳೆಗಾಲದಲ್ಲಿ ಈ ಕಡಲು ಯಾರ ಮಾತನ್ನೂ ಕೇಳುವುದಿಲ್ಲ, ಪಳಗಿದವರು ಕೂಡ ಜಾಗ ನೋಡಿ, ಹೊತ್ತು ನೋಡಿ ಇಳಿಯುತ್ತಾರೆ. ಮೇ ತಿಂಗಳಲ್ಲಿ, ಮುಂಗಾರಿಗೆ ಸ್ವಲ್ಪ ಮೊದಲು, ದೊಡ್ಡ ಅಲೆಗಳು ಬರುತ್ತವೆ. 2016ರಲ್ಲಿ ಮೂಲ್ಕಿ ಪಕ್ಕದ ಸಸಿಹಿತ್ಲುವಿನಲ್ಲಿ ಇಂಡಿಯನ್ ಓಪನ್ ಸರ್ಫಿಂಗ್ ನಡೆದದ್ದು ಮೇ ಕೊನೆಯಲ್ಲಿ. ಕ್ರಿಕೆಟಿಗ ಜಾಂಟಿ ರೋಡ್ಸ್ ಆಗ ಇಲ್ಲಿಗೆ ಬಂದಿದ್ದರು. ಆದರೆ ಸ್ಪರ್ಧೆಗೆ ಒಳ್ಳೆಯ ಅಲೆ ಹತ್ತು ವರ್ಷದ ಹುಡುಗನಿಗೆ ಒಳ್ಳೆಯದಲ್ಲ. ಡಿಸೆಂಬರಿನಲ್ಲಿ ಮೊಣಕಾಲಿನಿಂದ ಸೊಂಟದವರೆಗಿನ ಅಲೆಗಳೇ ಹೆಚ್ಚು, ತಳ ಮರಳು. ನಿಮ್ಮ ಮೂವರಿಗೂ ಬೇಕಾದದ್ದು ಅಷ್ಟೆ.

ಮೂಲ್ಕಿಗೇ ಸರ್ಫಿಂಗ್ ಏಕೆ ಬಂತು ಎಂದು ಮಗಳು ಕೇಳಿದರೆ ಇದನ್ನು ಹೇಳಿ. ಅಮೆರಿಕದಲ್ಲಿ ಹುಟ್ಟಿ, ಎಳವೆಯಿಂದಲೇ ಅಲೆ ಏರುತ್ತಿದ್ದು, ಮುಂದೆ ಸಂನ್ಯಾಸ ತೆಗೆದುಕೊಂಡ ಸ್ವಾಮಿ ನರಸಿಂಹ ಎಂಬವರು ಶಾಂಭವಿ ನದಿಯ ದಂಡೆಯಲ್ಲಿ ಆಶ್ರಮ ಕಟ್ಟಿಕೊಂಡಿದ್ದರು. ಪೂರ್ವಾಶ್ರಮದಲ್ಲಿ ಅವರ ಹೆಸರು ಜ್ಯಾಕ್ ಹೆಬ್ನರ್. ಮಂತ್ರ ಸರ್ಫ್ ಕ್ಲಬ್ 2004ರಲ್ಲಿ ಅಲ್ಲಿ ಶುರುವಾಯಿತು, ದೇಶದ ಮೊದಲ ಸರ್ಫಿಂಗ್ ಶಾಲೆ ಎಂದು ಅದನ್ನು ಕರೆಯುತ್ತಾರೆ. ಬೆಳಿಗ್ಗೆ ಜಪ, ಆಮೇಲೆ ಅಲೆ. ಊರಿನ ಮೀನುಗಾರರ ಮಕ್ಕಳು ಮೊದಲು ದಡದಲ್ಲಿ ನಿಂತು ನೋಡಿದರು, ಆಮೇಲೆ ಹಲಗೆ ಹಿಡಿದರು. ಈಗ ನಿಮಗೆ ಕಲಿಸುವವರಲ್ಲಿ ಇಲ್ಲಿಯವರೇ ಅನೇಕರು. ಅಲೆಯನ್ನು ಓದುವ ಕಣ್ಣು ಅವರಿಗೆ ಮನೆಯಲ್ಲೇ ಬಂದದ್ದು.

ಈಗ ನೀರಿನ ಮಾತು. ಶಾಲೆಯವರು ಮೊದಲ ಪಾಠವನ್ನು ಮರಳಿನ ಮೇಲೆ ಮಾಡುತ್ತಾರೆ. ಹಲಗೆಯ ಮೇಲೆ ಬೋರಲಾಗಿ ಮಲಗಿ, ಎರಡು ಅಂಗೈಗಳನ್ನು ಎದೆಯ ಪಕ್ಕಕ್ಕೆ ಊರಿ, ಒಂದೇ ಏಟಿಗೆ ಎದ್ದು ಕಾಲುಗಳನ್ನು ಅಡ್ಡಲಾಗಿ ಇಡಬೇಕು. ಮೊಣಕಾಲು ಊರಿ ಏಳುವ ಅಭ್ಯಾಸ ಮೊದಲ ದಿನವೇ ಆಗಿಬಿಟ್ಟರೆ ಬಿಡಿಸುವುದು ಬಹಳ ಕಷ್ಟ, ಮರಳಿನಲ್ಲೇ ಇಪ್ಪತ್ತು ಸಲ ಮಾಡಿಸಿಕೊಳ್ಳಿ. ಹಲಗೆ ಎಂಟೊಂಬತ್ತು ಅಡಿ ಉದ್ದದ, ಮೇಲ್ಮೈ ಮೆತ್ತಗಿರುವ ಫೋಮ್ ಬೋರ್ಡ್ ಆಗಿರಲಿ. ಮಗಳು ಚಿಕ್ಕದಾದ, ಚೂಪಾದ, ಬಣ್ಣದ ಬೋರ್ಡ್ ಬೇಕೆಂದು ಹಟ ಮಾಡಬಹುದು. ಒಪ್ಪಬೇಡಿ. ಚಿಕ್ಕ ಹಲಗೆ ಕಲಿಯುವವರನ್ನು ಹೊರುವುದಿಲ್ಲ.

ಎದ್ದು ನಿಂತ ಮೇಲೆ ನೋಟ ದಡದ ತೆಂಗಿನ ಮರದ ಮೇಲಿರಲಿ. ಎಲ್ಲರೂ ತಮ್ಮ ಕಾಲನ್ನು ನೋಡಿಕೊಳ್ಳುತ್ತಾರೆ, ಕಾಲು ನೋಡಿದವರು ಕಾಲಿನ ಹತ್ತಿರವೇ ಬೀಳುತ್ತಾರೆ. ಕಳೆದ ವರ್ಷ ನಿಮ್ಮ ಮಗನಷ್ಟೇ ವಯಸ್ಸಿನ ಹುಡುಗನೊಬ್ಬ ಎರಡು ದಿನ ಬರೀ ಬಿದ್ದ. ಮೂರನೇ ದಿನ ನೊರೆ ಹಿಂದಿನಿಂದ ಬಂದು ಹಲಗೆಯನ್ನು ತಳ್ಳಿದಾಗ ಎದ್ದವನು ಬೀಳಲೇ ಇಲ್ಲ. ಮೊಣಕಾಲು ಬಗ್ಗಿಸಿ, ಕೈಗಳನ್ನು ಹಕ್ಕಿಯಂತೆ ಚಾಚಿ, ಬಾಯಿ ತೆರೆದುಕೊಂಡೇ ದಡದವರೆಗೆ ಬಂದ. ಹಲಗೆಯ ಕೆಳಗಿನ ರೆಕ್ಕೆ ಮರಳಿಗೆ ತಾಗಿ ನಿಂತಾಗಲೂ ಅವನು ಅದೇ ಭಂಗಿಯಲ್ಲಿ ನಿಂತೇ ಇದ್ದ. ಇಳಿಯಬೇಕೆಂಬುದು ಅವನಿಗೆ ಹೊಳೆಯಲಿಲ್ಲ. ಅವನ ತಾಯಿ ದಡದಲ್ಲಿ ಅತ್ತುಬಿಟ್ಟರು.

ಈಜು ಅಷ್ಟಕ್ಕಷ್ಟೆ ಎಂದಿದ್ದೀರಿ. ಅದನ್ನು ಶಾಲೆಯವರಿಗೆ ಮುಚ್ಚುಮರೆಯಿಲ್ಲದೆ ಹೇಳಿ. ಸೊಂಟದ ಮಟ್ಟದ ನೀರಿನಲ್ಲಿ, ಒಬ್ಬ ತರಬೇತುದಾರ ನಿಮ್ಮ ಪಕ್ಕದಲ್ಲೇ ಇದ್ದು ಹಲಗೆ ಹಿಡಿದರೆ ನೀವೂ ಧಾರಾಳವಾಗಿ ಕಲಿಯಬಹುದು. ಬೀಳುವಾಗ ತಲೆ ಕೆಳಗಾಗಿ ಧುಮುಕಬೇಡಿ, ಅಗಲವಾಗಿ, ಚಪ್ಪಟೆಯಾಗಿ ಬೀಳಿ. ಮೇಲೆ ಬರುವಾಗ ಎರಡೂ ತೋಳುಗಳಿಂದ ತಲೆಯನ್ನು ಮುಚ್ಚಿಕೊಳ್ಳಿ, ಏಕೆಂದರೆ ಹಲಗೆ ನಿಮ್ಮ ಕಾಲಿಗೆ ಕಟ್ಟಿದ ಬಳ್ಳಿಯ ಕೊನೆಯಲ್ಲಿ ಎಲ್ಲೋ ಇರುತ್ತದೆ, ನಿಮ್ಮ ತಲೆಯನ್ನೇ ಹುಡುಕಿಕೊಂಡು ಬರಬಹುದು. ಅಲೆ ಮತ್ತು ನಿಮ್ಮ ನಡುವೆ ಹಲಗೆ ಎಂದಿಗೂ ಬರಬಾರದು. ಉದ್ದ ತೋಳಿನ, ಮೈಗೆ ಅಂಟುವ ಈಜುಡುಗೆ ಹಾಕಿಕೊಳ್ಳಿ. ಇಲ್ಲದಿದ್ದರೆ ಹಲಗೆಯ ತಿಕ್ಕಾಟಕ್ಕೆ ಎದೆ, ಹೊಟ್ಟೆ ಕೆಂಪಾಗಿ, ಸಂಜೆ ಸ್ನಾನದ ನೀರು ಬಿದ್ದಾಗ ಉರಿ ತಡೆಯಲಾಗದು.

ಇನ್ನು ಸೆಳೆತ. ಅಲೆಗಳು ದಡಕ್ಕೆ ತಂದು ಸುರಿದ ನೀರು ಎಲ್ಲಾದರೂ ಒಂದು ಕಡೆಯಿಂದ ವಾಪಸು ಹೋಗಲೇಬೇಕು. ಎರಡು ಕಡೆ ಬಿಳಿ ನೊರೆ ಏಳುತ್ತಿರುವಾಗ ನಡುವೆ ಒಂದು ಪಟ್ಟಿ ಮಾತ್ರ ನೊರೆಯಿಲ್ಲದೆ, ಬಣ್ಣದಲ್ಲಿ ತುಸು ಕಪ್ಪಾಗಿ, ಶಾಂತವಾಗಿ ಕಾಣುತ್ತದಲ್ಲ, ಪ್ರವಾಸಿಗರು ‘ಇಲ್ಲಿ ಅಲೆ ಇಲ್ಲ, ಇದೇ ಒಳ್ಳೆಯ ಜಾಗ’ ಎಂದು ಇಳಿಯುವುದು ಅಲ್ಲೇ. ಅದೇ ಸೆಳೆತದ ದಾರಿ. ಸಿಕ್ಕಿಕೊಂಡರೆ ದಡದ ಕಡೆಗೆ ಈಜಿ ಸುಸ್ತಾಗಬೇಡಿ. ಹಲಗೆ ಬಿಡಬೇಡಿ, ಅದು ತೇಲಿಸುತ್ತದೆ. ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಸರಿಯಿರಿ, ನೊರೆ ಕಂಡ ಕಡೆ ಅಲೆಯೇ ನಿಮ್ಮನ್ನು ದಡಕ್ಕೆ ತರುತ್ತದೆ.

ಸಸಿಹಿತ್ಲುವಿನ ಬಳಿ ಶಾಂಭವಿ ಮತ್ತು ನಂದಿನಿ ನದಿಗಳು ಕೂಡಿ ಕಡಲು ಸೇರುತ್ತವೆ. ಆ ಅಳಿವೆ ನೋಡಲು ಬಲು ಚೆಂದ. ಒಂದು ಕಡೆ ಹಸಿರು ನದಿ, ಒಂದು ಕಡೆ ಕಡಲು, ನಡುವೆ ಕಿರಿದಾದ ಮರಳು ನಾಲಿಗೆ. ಪ್ರತಿ ಮಳೆಗಾಲ ಆ ಮರಳನ್ನು ಕೊರೆದು ಆಕಾರ ಬದಲಿಸುತ್ತದೆ, ಕಡಲ್ಕೊರೆತ ಅಲ್ಲಿಯವರ ದೊಡ್ಡ ಚಿಂತೆ. ಅಲ್ಲಿ ನಿಂತು ನೋಡಿ, ಸ್ನಾನಕ್ಕೆ ಮಾತ್ರ ಇಳಿಯಬೇಡಿ. ಇಳಿತದ ಹೊತ್ತಿನಲ್ಲಿ ಎರಡು ನದಿಗಳ ನೀರು ಒಂದೇ ಬಾಗಿಲಿನಿಂದ ಹೊರಗೆ ಓಡುತ್ತದೆ. ನಾನು ಕಲಿಯುತ್ತಿದ್ದ ಕಾಲದಲ್ಲಿ ಆ ನೀರಿಗೆ ಸಿಕ್ಕಿದ್ದೆ. ಒಳ್ಳೆಯ ಅಲೆ ಕಂಡು ಹೊತ್ತು ನೋಡದೆ ಇಳಿದೆ. ಕೈ ಬೀಸಿದಷ್ಟೂ ದಡ ಚಿಕ್ಕದಾಗುತ್ತಾ ಹೋಯಿತು. ಬಲೆ ಎತ್ತಲು ಹೊರಟಿದ್ದ ಒಂದು ಸಣ್ಣ ದೋಣಿಯವರು ನನ್ನನ್ನು ಹಲಗೆ ಸಮೇತ ಎಳೆದು ಹಾಕಿಕೊಂಡರು. ಬಯ್ಯಲಿಲ್ಲ. ಅವರಲ್ಲಿ ಹಿರಿಯರು, ನೀರು ಏರುವಾಗ ಬಾ, ಇಳಿಯುವಾಗ ಬರಬೇಡ ಎಂದಷ್ಟೇ ಹೇಳಿದರು. ಅಂದಿನಿಂದ ಉಬ್ಬರ ಇಳಿತದ ಹೊತ್ತು ನೋಡದೆ ನಾನು ಯಾರನ್ನೂ ನೀರಿಗೆ ಇಳಿಸಿಲ್ಲ. ಉಬ್ಬರದ ಹೊತ್ತು ದಿನಕ್ಕೆ ಸುಮಾರು ಐವತ್ತು ನಿಮಿಷ ಮುಂದಕ್ಕೆ ಹೋಗುತ್ತದೆ, ನಿನ್ನೆಯ ಲೆಕ್ಕ ಇಂದಿಗೆ ಸಲ್ಲದು. ದಡದ ಮೊಗವೀರರು, ಅಂದರೆ ಇಲ್ಲಿಯ ಮೀನುಗಾರರು, ಹೋಗಬೇಡಿ ಎಂದರೆ ಹೋಗಬೇಡಿ.

ಹೊಟ್ಟೆಯ ವಿಷಯಕ್ಕೆ ಬರುತ್ತೇನೆ. ನೀರಿಗೆ ಇಳಿಯುವ ಮೊದಲು ಎರಡು ಬಾಳೆಹಣ್ಣು, ಒಂದು ಲೋಟ ಚಹಾ ಸಾಕು, ತುಂಬಿದ ಹೊಟ್ಟೆಯಲ್ಲಿ ಬೋರಲು ಮಲಗಲಾಗದು. ಹೊರಬಂದಾಗ ಹಸಿವು ಎಂಥದೆಂದರೆ ಮಕ್ಕಳು ಮರಳನ್ನೂ ತಿಂದಾರು. ಆ ಹೊತ್ತಿಗೆ ಸಜ್ಜಿಗೆ ಬಜಿಲ್ ಹುಡುಕಿ. ನಿಮ್ಮ ಕಡೆಯ ಉಪ್ಪಿಟ್ಟೇ ಇಲ್ಲಿ ಸಜ್ಜಿಗೆ. ಬಜಿಲ್ ಎಂದರೆ ತೆಂಗಿನಕಾಯಿ, ಬೆಲ್ಲ, ಖಾರ ಹಾಕಿ ಕಲಸಿದ ತೆಳು ಅವಲಕ್ಕಿ. ಎರಡನ್ನೂ ಒಂದೇ ತಟ್ಟೆಯಲ್ಲಿ ಬೆರೆಸಿ ತಿನ್ನಬೇಕು. ಬಿಸಿ ಮೆತ್ತಗಿನದರ ನಡುವೆ ಸಿಹಿಖಾರದ ಅವಲಕ್ಕಿ ಹಲ್ಲಿಗೆ ಸಿಗುತ್ತದೆ. ಜೊತೆಗೆ ಬನ್ಸ್ ಇದ್ದರೆ ಬಿಡಬೇಡಿ. ಕಳಿತ ಬಾಳೆಹಣ್ಣು ಹಾಕಿ ಹಿಟ್ಟು ಕಲಸಿ, ರಾತ್ರಿಯಿಡೀ ಇಟ್ಟು, ಪೂರಿಯಂತೆ ಕರಿದ ತಿಂಡಿ ಅದು. ಒಳಗೆ ಜೇನುಗೂಡಿನಂತೆ ತೂತು ತೂತಾಗಿರಬೇಕು, ಒತ್ತಿದರೆ ಎಣ್ಣೆ ಒಸರಬಾರದು. ಇವೆರಡೂ ನಿಮ್ಮ ಅತ್ತೆಯವರಿಗೂ ಆಗುತ್ತವೆ. ಮೂಲ್ಕಿ, ಹಳೆಯಂಗಡಿ, ಕಿನ್ನಿಗೋಳಿಯ ಪೇಟೆಯ ಸಣ್ಣ ಹೋಟೆಲುಗಳಲ್ಲಿ ಬೆಳಿಗ್ಗೆ ಒಂಬತ್ತೂವರೆಯೊಳಗೆ ಹೋದರೆ ಬಿಸಿಯಾಗಿ ಸಿಗುತ್ತವೆ, ತಡವಾದರೆ ತಣ್ಣಗಾದ ಬನ್ಸ್ ಮಾತ್ರ.

ಮಧ್ಯಾಹ್ನ ಮೀನೂಟ. ಹೋಟೆಲಿಗೆ ಹೋಗಿ ಪಟ್ಟಿ ಕೇಳಬೇಡಿ, ‘ಇವತ್ತು ಯಾವ ಮೀನು ಬಂದಿದೆ?’ ಎಂದು ಕೇಳಿ. ಉತ್ತರ ಥಟ್ಟನೆ ಬಂದರೆ ಕುಳಿತುಕೊಳ್ಳಿ. ಎಲ್ಲ ಮೀನೂ ಇದೆ ಎಂದರೆ ಸ್ವಲ್ಪ ಯೋಚಿಸಿ. ಹೆದ್ದಾರಿಯ ಪಕ್ಕದ ಒಂದು ಥಳಕಿನ ಹೋಟೆಲಿನಲ್ಲಿ ಎಲ್ಲವೂ ಇದೆ ಎಂದು ಕೇಳಿ, ಮಾಂಸ ಬಿಡಿಬಿಡಿಯಾಗಿ ಹುಡಿಯಾಗುವ, ಹಿಮದಲ್ಲಿ ಹಳತಾದ ಅಂಜಲ್ ಮೀನು ತಿಂದು ಎದ್ದ ಕಹಿ ನನಗೆ ಇನ್ನೂ ನೆನಪಿದೆ. ಅಂದು ನನ್ನ ಜೊತೆ ಬೆಳಗಾವಿಯಿಂದ ಬಂದ ಅತಿಥಿಗಳಿದ್ದರು. ನಮ್ಮ ಊರಿನ ಮೀನು ಹೀಗಿರುವುದಿಲ್ಲ ಎಂದು ಅವರಿಗೆ ತಿಳಿಸಿ ಹೇಳಲು ಮರುದಿನದ ಊಟವೇ ಬೇಕಾಯಿತು.

ನೀವು ಬರುವ ಹೊತ್ತಿಗೆ ಕಾಣೆ, ಬಂಗುಡೆ, ಬೂತಾಯಿ (ತಾರ್ಲೆ) ಚೆನ್ನಾಗಿರುತ್ತವೆ. ಮಕ್ಕಳಿಗೆ ಕಾಣೆಯಿಂದ ಆರಂಭಿಸಿ. ತೆಳ್ಳಗೆ, ಬೆಳ್ಳಗೆ, ಬೆರಳಿನಂಥ ಮೀನು, ಮರಳು ತಳದ ಅಳಿವೆಗಳಲ್ಲಿ ಬದುಕುವುದು. ರವೆ ಹಚ್ಚಿಯೂ ಕರಿಯುತ್ತಾರೆ, ಆದರೆ ಮಸಾಲೆ ಹಚ್ಚಿ ಕಾವಲಿಯ ಮೇಲೆ ಹುರಿದದ್ದನ್ನೇ ಕೇಳಿ. ಬ್ಯಾಡಗಿ ಮೆಣಸಿನ ಕೆಂಪು ಮಸಾಲೆ ಮೀನಿನ ಅಂಚಿನಲ್ಲಿ ಕರಿದು ಗರಿಯಾಗಿರುತ್ತದೆ. ಬೆನ್ನಿನ ಉದ್ದಕ್ಕೂ ಬೆರಳಿನಿಂದ ಮೆಲ್ಲಗೆ ಬಿಡಿಸಿದರೆ ಒಂದು ಕಡೆಯ ಮಾಂಸ ಹಾಗೆಯೇ ಕಳಚಿಕೊಳ್ಳುತ್ತದೆ. ಆಮೇಲೆ ಬಾಲ ಹಿಡಿದು ಎತ್ತಿದರೆ ನಡುಮೂಳೆ ಬಾಚಣಿಗೆಯಂತೆ ಇಡಿಯಾಗಿ ಬರುತ್ತದೆ. ಮುಳ್ಳಿನ ಹೆದರಿಕೆಯಿರುವ ಮಗುವಿಗೂ ಇದು ಸಾಧ್ಯ. ಬ್ಯಾಡಗಿ ನಿಮ್ಮ ಕಡೆಯ ಊರು. ಅಲ್ಲಿಯ ಮೆಣಸು ಘಟ್ಟ ಇಳಿದು ಬಂದು ನಮ್ಮ ಮೀನಿಗೆ ಬಣ್ಣ ಕೊಡುತ್ತದೆ, ಊಟ ಮಾಡುವಾಗ ಮಕ್ಕಳಿಗೆ ಹೇಳಿ.

ಬಂಗುಡೆಯನ್ನು ಪುಳಿಮುಂಚಿಯಾಗಿ ತಿನ್ನಿ. ಪುಳಿ ಎಂದರೆ ಹುಳಿ, ಮುಂಚಿ ಎಂದರೆ ಮೆಣಸು. ಹೆಸರಿನಲ್ಲೇ ಅಡುಗೆ ಇದೆ. ಬಂಗುಡೆಯ ಎಣ್ಣೆಯಂಶಕ್ಕೆ ಆ ಹುಳಿಯೇ ಮದ್ದು. ಇದರ ಜೊತೆ ದಪ್ಪ ಕುಚ್ಚಲಕ್ಕಿ ಅನ್ನ. ಬಿಳಿ ಅನ್ನ ಕೊಡಲೇ ಎಂದು ಕೇಳುತ್ತಾರೆ, ಬೇಡವೆನ್ನಿ. ಮೊದಲ ತುತ್ತು ಒರಟೆನಿಸುತ್ತದೆ, ಆದರೆ ಸಾರಿನ ಖಾರವನ್ನು ತಾಳಿಕೊಳ್ಳುವುದು ಆ ಅನ್ನವೇ. ಮರುವಾಯಿ ಸುಕ್ಕ ಸಿಕ್ಕರೆ ನೀರುದೋಸೆಯ ಜೊತೆ ತರಿಸಿಕೊಳ್ಳಿ. ಮರುವಾಯಿ ಎಂದರೆ ನದಿಯ ಚಿಪ್ಪು, ಸುಕ್ಕ ಎಂದರೆ ಕಾಯಿತುರಿಯ ಒಣ ಪಲ್ಯ. ಅದನ್ನು ತಿನ್ನುವ ಮೊದಲು ಹೆಕ್ಕುವುದನ್ನು ನೋಡಿದ್ದರೆ ರುಚಿಯೇ ಬೇರೆ. ಇಳಿತದ ಹೊತ್ತಿನಲ್ಲಿ ಶಾಂಭವಿಯ ನೀರಿನಲ್ಲಿ ಎದೆಮಟ್ಟ ನಿಂತು, ಕಾಲಿನಿಂದ ತಳವನ್ನು ತಡಕಿ, ಮುಳುಗಿ ಎರಡು ಕೈತುಂಬ ಮರಳು ತೆಗೆದು ಜಾಲಾಡಿಸುವವರು ಕಾಣುತ್ತಾರೆ. ಕೆಸರು ಹೋದ ಮೇಲೆ ಅಂಗೈಯಲ್ಲಿ ಏಳೆಂಟು ಚಿಪ್ಪು. ಒಂದು ತಟ್ಟೆ ಸುಕ್ಕಕ್ಕೆ ಎಷ್ಟು ಸಲ ಮುಳುಗಿರಬಹುದೆಂದು ಲೆಕ್ಕ ಹಾಕಿ, ತಟ್ಟೆಯಲ್ಲಿ ಒಂದನ್ನೂ ಬಿಡಬೇಡಿ.

ಮಂಗಳೂರಿಗೆ ಒಂದು ಮಧ್ಯಾಹ್ನ ಸಾಕು, ಮೂಲ್ಕಿಯಿಂದ ಸುಮಾರು 30 ಕಿಲೋಮೀಟರು. ಬಂದರಿನ ಬಳಿಯ ನಾರಾಯಣ ಹೋಟೆಲಿನಲ್ಲಿ ಹುರಿದ ಮೀನುಗಳನ್ನು ತಟ್ಟೆಯಲ್ಲಿ ತಂದು ಮುಂದೆ ಹಿಡಿಯುತ್ತಾರೆ, ನೋಡಿ ಆರಿಸಿಕೊಳ್ಳಬಹುದು. ಜನಜಂಗುಳಿ ಇರುತ್ತದೆ, ಹನ್ನೆರಡೂವರೆಗೆ ಮೊದಲು ತಲುಪಿ. ಆಮೇಲೆ ಮಕ್ಕಳಿಗೆ ಐಡಿಯಲ್ ಅಥವಾ ಪಬ್ಬಾಸ್‌ನಲ್ಲಿ ಗಡ್‌ಬಡ್. ಉದ್ದ ಗಾಜಿನ ಲೋಟದಲ್ಲಿ ಐಸ್‌ಕ್ರೀಮು, ಹಣ್ಣು, ಜೆಲ್ಲಿ, ಗೋಡಂಬಿಯನ್ನು ಪದರ ಪದರವಾಗಿ ಹಾಕಿರುತ್ತಾರೆ. ಉದ್ದ ಚಮಚವನ್ನು ತಳದವರೆಗೆ ಇಳಿಸಿ ತಿನ್ನಬೇಕು. ಮಾಲ್‌ಗಳನ್ನು ಸುತ್ತಬೇಡಿ, ಅವು ಹುಬ್ಬಳ್ಳಿಯಲ್ಲೂ ಇವೆ.

ಕೋಳಿ ಇಷ್ಟವಿದ್ದರೆ ಒಂದು ರಾತ್ರಿ ಕೋರಿ ರೊಟ್ಟಿ ಇರಲಿ. ಅಕ್ಕಿಯ ಗರಿಗರಿ ರೊಟ್ಟಿಯನ್ನು ಮುರಿದು ಹಾಕಿ, ಮೇಲೆ ತೆಂಗಿನಕಾಯಿಯ ಕೋಳಿ ಗಸಿ ಸುರಿಯುತ್ತಾರೆ. ಅರ್ಧ ಮೆತ್ತಗೆ, ಅರ್ಧ ಗರಿಯಾಗಿರುವ ಎರಡು ಮೂರು ನಿಮಿಷದಲ್ಲೇ ಅದರ ಸೊಗಸು ಇರುವುದು, ಆಗ ಮೊಬೈಲಿನಲ್ಲಿ ಚಿತ್ರ ತೆಗೆಯುತ್ತ ಕುಳಿತರೆ ಗಂಜಿಯಾಗುತ್ತದೆ.

ಅತ್ತೆಯವರ ಬಗ್ಗೆ ನೀವು ಕೇಳಿದ ರೀತಿಯಲ್ಲಿ ಸ್ವಲ್ಪ ಆತಂಕ ಕಂಡಿತು. ಆತಂಕ ಬೇಡ. ಬೆಳಿಗ್ಗೆ ನೀವು ನೀರಿನಲ್ಲಿರುವಾಗ ಅವರನ್ನು ದಡದಲ್ಲಿ ಸುಮ್ಮನೆ ಕೂರಿಸಬೇಡಿ, ಒಂಬತ್ತರ ನಂತರ ಮರಳು ಕಾಯುತ್ತದೆ. ಒಂದು ದಿನ ಬಪ್ಪನಾಡಿಗೆ ಕಳಿಸಿ. ಮೂಲ್ಕಿಯಲ್ಲೇ ಶಾಂಭವಿಯ ಬಳಿ ಇರುವ ದುರ್ಗಾಪರಮೇಶ್ವರಿ ದೇವಸ್ಥಾನ. ಬಪ್ಪ ಬ್ಯಾರಿ ಎಂಬ ಮುಸ್ಲಿಂ ವರ್ತಕನ ದೋಣಿ ನದಿಯಲ್ಲಿ ತಡೆದು ನಿಂತಿತು, ದೇವಿ ಅವನ ಕನಸಿನಲ್ಲಿ ಬಂದಳು, ಗುಡಿ ಕಟ್ಟಿಸಿದವನು ಅವನೇ ಎಂಬುದು ಸ್ಥಳಪುರಾಣ. ಊರಿನ ಹೆಸರೇ ಅವನದು. ಅಲ್ಲಿಯ ದೊಡ್ಡ ಡೋಲು ತುಳುನಾಡಿಗೆಲ್ಲ ಹೆಸರುವಾಸಿ. ಇನ್ನೊಂದು ದಿನ ಎಲ್ಲರೂ ಕಿನ್ನಿಗೋಳಿ ದಾರಿಯಾಗಿ ಕಟೀಲಿಗೆ ಹೋಗಿ ಬನ್ನಿ. ನಂದಿನಿ ನದಿ ಎರಡಾಗಿ ಹರಿದು ನಡುವೆ ಬಿಟ್ಟ ನೆಲದಲ್ಲಿ ಗುಡಿ ಇದೆ, ಮಧ್ಯಾಹ್ನ ಅಲ್ಲೇ ಪ್ರಸಾದದ ಊಟ. ಕಡಲು ಸೇರುವ ನಂದಿನಿಯನ್ನು ಬೆಳಿಗ್ಗೆ ನೋಡಿದವರು ಅದೇ ನದಿಯನ್ನು ಬಂಡೆಗಳ ನಡುವೆ ನೋಡಿದಂತಾಗುತ್ತದೆ. ಕಟೀಲಿನ ಮೇಳಗಳ ಯಕ್ಷಗಾನ ನವೆಂಬರಿನಿಂದ ಮೇ ಕೊನೆಯಲ್ಲಿ ಆಟದ ಹಂಗಾಮು ಮುಗಿಯುವ ಪತ್ತನಾಜೆಯ ದಿನದವರೆಗೆ ಸುತ್ತಮುತ್ತಲಿನ ಊರುಗಳಲ್ಲಿ ದಿನವೂ ಇರುತ್ತದೆ. ಹರಕೆಯ ಆಟ, ಟಿಕೆಟ್ ಇಲ್ಲ, ಯಾರು ಹೋದರೂ ಕೂರಬಹುದು. ಎಲ್ಲಿದೆ ಎಂದು ಯಾವುದೇ ಅಂಗಡಿಯಲ್ಲಿ ಕೇಳಿ. ಅತ್ತೆಯವರಿಗೆ ದೊಡ್ಡಾಟ ನೋಡಿದ ನೆನಪಿದ್ದರೆ, ಇಲ್ಲಿಯ ಚೆಂಡೆ ಕೇಳಿ ಅವರೇ ನಿಮ್ಮನ್ನು ಏಳಲು ಬಿಡುವುದಿಲ್ಲ.

ಉಡುಪಿಯ ದಿನ ಅವರದೇ. ಕೃಷ್ಣಮಠದ ದರ್ಶನ, ರಥಬೀದಿಯ ಮಿತ್ರ ಸಮಾಜ ಹೋಟೆಲಿನಲ್ಲಿ ಮೈದಾದ ಗುಂಡನೆಯ ಬಜ್ಜಿಯಾದ ಗೋಳಿಬಜೆ. ಚಳಿಗಾಲದಲ್ಲಿ ಮಟ್ಟುಗುಳ್ಳದ ಹುಳಿಯೋ ಪಲ್ಯವೋ ಎಲ್ಲಿ ಸಿಕ್ಕರೂ ತಿನ್ನಿ. ಗುಂಡಗೆ, ಹಸಿರಾಗಿ, ಸಿಪ್ಪೆ ತೆಳ್ಳಗಿರುವ ಬದನೆ, ಕಟಪಾಡಿಯ ಹತ್ತಿರದ ಮಟ್ಟು ಎಂಬ ಊರಿನದು. ಸೋದೆ ಮಠದ ವಾದಿರಾಜರು ಬೀಜ ಕೊಟ್ಟರೆಂಬ ಪ್ರತೀತಿ ಇದೆ, 2011ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. ಬದನೆಕಾಯಿ ಎಣ್ಣೆಗಾಯಿಯ ನಾಡಿನಿಂದ ಬರುವ ನಿಮ್ಮ ಅತ್ತೆಯವರು ಈ ಬದನೆಯ ಬಗ್ಗೆ ಏನು ಹೇಳುತ್ತಾರೆ ಎಂಬುದನ್ನು ನನಗೆ ಖಂಡಿತ ಬರೆಯಿರಿ. ಮಟ್ಟುವಿನ ಕಡಲ ಬದಿಯ ಕಿರುದಾರಿಯಲ್ಲೇ ಹೋದರೆ ಒಂದು ಕಡೆ ಹೊಳೆ, ಒಂದು ಕಡೆ ಕಡಲು ಸಿಗುತ್ತವೆ. ಸಂಜೆಗೆ ಕಾಪುವಿನ ದೀಪಸ್ತಂಭ. 1901ರದ್ದು, ಬಂಡೆಯ ಮೇಲೆ ನಿಂತಿದೆ, ಸಂಜೆಯ ಹೊತ್ತು ಮೇಲೆ ಹತ್ತಲು ಬಿಡುತ್ತಾರೆ.

ಸೇಂಟ್ ಮೇರೀಸ್ ದ್ವೀಪವನ್ನು ಬಿಡಬೇಡಿ. ಮಲ್ಪೆಯಿಂದ ದೋಣಿ ಇದೆ. ಆರು ಮೂಲೆಯ ಕಂಬಗಳನ್ನು ಯಾರೋ ಕಡಿದು ನಿಲ್ಲಿಸಿದಂತೆ ಕಾಣುವ ಆ ಕಲ್ಲುಗಳು, ಸುಮಾರು 8.8 ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್ ನಮ್ಮ ನೆಲದಿಂದ ಬೇರೆಯಾದ ಕಾಲದಲ್ಲಿ ಉಕ್ಕಿದ ಲಾವಾ ತಣಿದು ಬಿರಿದದ್ದು. ಕಲ್ಲಿನ ಕಡೆ ನೀರಿಗೆ ಇಳಿಯಬಾರದು, ಪಾಚಿಗೆ ಕಾಲು ಜಾರುತ್ತದೆ. ಕೊನೆಯ ವಾರ ಮಲ್ಪೆಯಲ್ಲಿ ವಿಪರೀತ ಜನ. ಆ ದಿನ ಸರ್ಫಿಂಗ್ ಇಟ್ಟುಕೊಳ್ಳದೆ ಬೆಳಿಗ್ಗೆಯ ಮೊದಲ ದೋಣಿಗೇ ಹೋಗಿ.

ಸಂಜೆಗಳಲ್ಲಿ ಒಂದನ್ನು ಶಾಂಭವಿ ನದಿಗೆ ಕೊಡಿ. ನಿಂತು ಹುಟ್ಟು ಹಾಕುವ ಅಗಲ ಹಲಗೆಯನ್ನೋ ಕಯಾಕನ್ನೋ ಸರ್ಫಿಂಗ್ ಶಾಲೆಯವರೇ ಕೊಡುತ್ತಾರೆ. ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ನಡುವಿನ ಕಾಲುವೆಯಲ್ಲಿ ಸದ್ದು ಮಾಡದೆ ಹೋದರೆ ಮಿಂಚುಳ್ಳಿ, ಬೆಳ್ಳಕ್ಕಿ, ಮೇಲೆ ಗರುಡ. ಅತ್ತೆಯವರು ಕೂಡ ಕುಳಿತು ಬರಬಹುದು, ಜೀವರಕ್ಷಕ ಜಾಕೆಟ್ ಎಲ್ಲರಿಗೂ ಕಡ್ಡಾಯವಾಗಿರಲಿ. ಹುಡುಗನಿಗೆ ಅಲೆಯ ಭಯ ಉಳಿದಿದ್ದರೆ ಪಡುಬಿದ್ರಿಯ ಬ್ಲೂ ಫ್ಲ್ಯಾಗ್ ಕಡಲತೀರ ಹತ್ತಿರವೇ ಇದೆ. ಶುಚಿ, ಸುರಕ್ಷಿತ ಕಡಲತೀರಗಳಿಗೆ ಕೊಡುವ ಆ ಅಂತರರಾಷ್ಟ್ರೀಯ ಮಾನ್ಯತೆ 2020ರಲ್ಲಿ ಸಿಕ್ಕಿತು. ಜೀವರಕ್ಷಕರು, ಬಟ್ಟೆ ಬದಲಿಸುವ ಕೋಣೆ, ಶುಚಿಯಾದ ಮರಳು, ಎಲ್ಲವೂ ಇವೆ.

ನಿಮ್ಮ ಅದೃಷ್ಟ ಚೆನ್ನಾಗಿದ್ದರೆ ಆ ವಾರ ಎಲ್ಲಾದರೂ ಕಂಬಳ ಇರುತ್ತದೆ. ಪಡುಪಣಂಬೂರಿನ ಮೂಲ್ಕಿ ಸೀಮೆ ಅರಸು ಕಂಬಳ ಸಾಮಾನ್ಯವಾಗಿ ಡಿಸೆಂಬರಿನ ಆಸುಪಾಸಿನಲ್ಲೇ ಬರುತ್ತದೆ, ದಿನಾಂಕ ವಿಚಾರಿಸಿಕೊಳ್ಳಿ. ಅಲ್ಲಿ ಕನೆಹಲಗೆಯ ಓಟಕ್ಕಾಗಿ ಕಾಯಿರಿ. ಕೋಣಗಳು ಕೆಸರುಗದ್ದೆಯಲ್ಲಿ ಓಡುತ್ತವೆ, ಅವುಗಳ ಹಿಂದೆ ಕಟ್ಟಿದ ಪುಟ್ಟ ಹಲಗೆಯ ಮೇಲೆ ಓಡಿಸುವವನು ಒಂದು ಕಾಲಿಟ್ಟು ನಿಂತಿರುತ್ತಾನೆ. ಹಲಗೆಯ ತೂತಿನಿಂದ ನೀರು ಚಿಮ್ಮಿ, ಮೇಲೆ ಆರೂವರೆ ಕೋಲು, ಏಳೂವರೆ ಕೋಲು (ಕೋಲು ಇಲ್ಲಿಯ ಹಳೆಯ ಅಳತೆ) ಎತ್ತರಕ್ಕೆ ಕಟ್ಟಿದ ನಿಶಾನೆಗೆ ತಾಗಬೇಕು. ಸರ್ಫಿಂಗ್ ಪರದೇಶದ ಆಟ ಎನ್ನುವವರಿಗೆ ನಾನು ಇದನ್ನೇ ತೋರಿಸುತ್ತೇನೆ. ಓಡುವ ನೀರಿನ ಮೇಲೆ ಹಲಗೆ ಹಾಕಿ ನಿಲ್ಲುವುದು ಈ ಊರಿನವರಿಗೆ ಹೊಸದಲ್ಲ. ನಿಮ್ಮ ಮಗಳು ಎರಡು ಬೆಳಗು ಹಲಗೆಯ ಮೇಲೆ ಎದ್ದು ಬಿದ್ದ ಮೇಲೆ ಆ ಮನುಷ್ಯನ ಮೊಣಕಾಲನ್ನು ನೋಡಲಿ, ಭಾರ ಎಲ್ಲಿ ಇಟ್ಟಿದ್ದಾನೆಂದು ಅವಳಿಗೆ ತಾನಾಗಿ ಕಾಣುತ್ತದೆ. ಅದನ್ನು ನಾನು ಒಂದು ವಾರ ಬಾಯಲ್ಲಿ ಹೇಳಿದರೂ ಕಲಿಸಲಾರೆ.

ಹೋಗುವ ದಾರಿ. ಹುಬ್ಬಳ್ಳಿಯಿಂದ ಯಲ್ಲಾಪುರ, ಅರಬೈಲು ಘಟ್ಟ, ಅಂಕೋಲಾ ಮೂಲಕ ಬಂದು ಹೆದ್ದಾರಿ ಹಿಡಿದು ದಕ್ಷಿಣಕ್ಕೆ. ಬರುವ ದಿನ ಎಲ್ಲಿಯೂ ಹೆಚ್ಚು ನಿಲ್ಲಬೇಡಿ, ಬೇಗ ತಲುಪಿ ಬೇಗ ಮಲಗಿ. ಮರಳುವಾಗ ನಿಧಾನವಾಗಿ ಹೋಗಿ. ಕುಂದಾಪುರದ ಶೆಟ್ಟಿ ಲಂಚ್ ಹೋಮ್‌ನಲ್ಲಿ ಚಿಕನ್ ಘೀ ರೋಸ್ಟ್, ಅದು ಅಲ್ಲಿಂದಲೇ ಊರೂರಿಗೆ ಹೋದ ತಿನಿಸು. ಮುಂದೆ ಮರವಂತೆಯಲ್ಲಿ ಒಂದು ಬದಿ ಸೌಪರ್ಣಿಕಾ, ಇನ್ನೊಂದು ಬದಿ ಕಡಲು, ಮಧ್ಯೆ ರಸ್ತೆ. ಹೊನ್ನಾವರದ ಕಾಸರಕೋಡಿನಲ್ಲಿ ಶರಾವತಿಯ ಕಾಂಡ್ಲಾ ಕಾಡಿನೊಳಗೆ ಮರದ ಹಲಗೆಯ ನಡೆದಾರಿ ಮಾಡಿದ್ದಾರೆ, ಅತ್ತೆಯವರು ಕಾಲಾಡಿಸಲು ಅದು ಒಳ್ಳೆಯ ತಾಣ.

ಮೀನು ಒಯ್ಯುವುದು. ಹಸಿ ಮೀನಾದರೆ ಹೊರಡುವ ದಿನ ಬೆಳಿಗ್ಗೆಯೇ ಕೊಳ್ಳಬೇಕು. ಕಿವಿರು ಎತ್ತಿ ನೋಡಿ, ಕೆಂಪಾಗಿರಬೇಕು. ಕಣ್ಣು ಉಬ್ಬಿ ಹೊಳೆಯುತ್ತಿರಬೇಕು. ಬೆರಳಿನಿಂದ ಒತ್ತಿದ ಗುಳಿ ಕೂಡಲೇ ತುಂಬಿಕೊಳ್ಳಬೇಕು. ಅಲ್ಲೇ ಕರುಳು ತೆಗೆಸಿ. ತುಂಡು ಮಾಡಿಸಬೇಡಿ, ಇಡಿ ಮೀನು ಹೆಚ್ಚು ಹೊತ್ತು ತಾಳುತ್ತದೆ. ಥರ್ಮೋಕೋಲ್ ಪೆಟ್ಟಿಗೆಯಲ್ಲಿ ಒಂದು ಪದರ ಪುಡಿ ಮಂಜುಗಡ್ಡೆ, ಒಂದು ಪದರ ಮೀನು, ಮತ್ತೆ ಮಂಜುಗಡ್ಡೆ. ಕರಗಿದ ನೀರಿನಲ್ಲಿ ಮೀನು ಮುಳುಗಿ ಕೂರಬಾರದು, ಪೆಟ್ಟಿಗೆಯ ಮೂಲೆಯಲ್ಲಿ ಒಂದು ಸಣ್ಣ ತೂತಿರಲಿ, ಕೆಳಗೆ ಒಂದು ಟ್ರೇ. ದಾರಿಯಲ್ಲಿ ಕುಮಟಾದಲ್ಲೋ ಅಂಕೋಲಾದಲ್ಲೋ ಇನ್ನೊಮ್ಮೆ ಮಂಜುಗಡ್ಡೆ ಹಾಕಿಸಿದರೆ ರಾತ್ರಿ ಹುಬ್ಬಳ್ಳಿಯಲ್ಲಿ ಬಂಗುಡೆ ಸಾರು ಮಾಡಬಹುದು. ಬೂತಾಯಿ ಬೇಡ, ಅದು ಬೇಗ ಮೆತ್ತಗಾಗುತ್ತದೆ. ಅತ್ತೆಯವರು ಅದೇ ಕಾರಿನಲ್ಲಿ ಇರುವುದರಿಂದ ಪೆಟ್ಟಿಗೆಯ ಬಾಯಿಗೆ ಅಗಲವಾದ ಟೇಪ್ ಸುತ್ತಿ, ಮೇಲೆ ಶಂಕರಪುರದ ಮಲ್ಲಿಗೆಯ ಒಂದು ಅಟ್ಟೆ, ಅಂದರೆ ಕಟ್ಟಿದ ಹೂವಿನ ಒಂದು ಕಟ್ಟು, ಇಡಿ.